ಕಲಬುರಗಿ ಬಿಸಿಲಲ್ಲಿ ಮನುಕಾ ಜೇನು: ಎರಡು ವರ್ಷದ ಬಳಕೆಯ ಮೇಲೆ

ಮನುಕಾ ಅಂದರೆ ನ್ಯೂಜಿಲೆಂಡ್ ಕಡೆಯ ಮನುಕಾ ಗಿಡದ ಹೂವಿನ ಜೇನು. ಕೊಳ್ಳುವಾಗ ಬ್ರ್ಯಾಂಡ್‌ಗಿಂತ ಮೊದಲು ಅಂಕಿ ನೋಡಬೇಕು. ಎಂಜಿಒ ಅಂದರೆ ಮೀಥೈಲ್‌ಗ್ಲೈಆಕ್ಸಲ್, ಮನುಕಾದಲ್ಲಿ ರೋಗಾಣು ಕೊಲ್ಲುವ ಮುಖ್ಯ ವಸ್ತು; ಕೆಜಿ ಜೇನಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಯುಎಂಎಫ್ (ಯುನಿಕ್ ಮನುಕಾ ಫ್ಯಾಕ್ಟರ್) ಬೇರೆ ಅಳತೆ: 5+ಕ್ಕೆ ಕನಿಷ್ಠ ಎಂಜಿಒ 83, 10+ಕ್ಕೆ 263, 15+ಕ್ಕೆ 514, 20+ಕ್ಕೆ 829. ಡಬ್ಬಿ ಮೇಲೆ 'ಎಂಜಿಒ 100' ಅಂತ ದೊಡ್ಡದಾಗಿ ಕಂಡರೂ ಅದು ಯುಎಂಎಫ್ 10+ಕ್ಕಿಂತ ಭಾಳ ಕೆಳಗಿನದು. ಬರೀ 'ಆಕ್ಟಿವ್' ಎಂದಿದ್ದು ಅಂಕಿ ಇಲ್ಲದಿದ್ದರೆ ಆ ದುಡ್ಡು ಕೊಡಬೇಡಿ. ನ್ಯೂಜಿಲೆಂಡ್ ಜೇನಿನಲ್ಲಿ ಮೊನೊಫ್ಲೋರಲ್ ಅಂದರೆ ಮುಖ್ಯವಾಗಿ ಮನುಕಾ ಹೂವಿನದು, ಮಲ್ಟಿಫ್ಲೋರಲ್‌ನಲ್ಲಿ ಬೇರೆ ಹೂವಿನದೂ ಸೇರಿರುತ್ತದೆ.

ಡಬ್ಬಿ ತೆರೆದಾಗ ಜೇನು ಜೆಲ್ಲಿಯಂತೆ ಗಟ್ಟಿಯಾಗಿದ್ದರೆ ಕಲಬೆರಕೆ ಅಂದುಕೊಳ್ಳಬೇಡಿ. ಮನುಕಾದ ಗುಣವೇ ಅದು, ಚಮಚದಿಂದ ತಿರುವಿದರೆ ಸಡಿಲಾಗುತ್ತದೆ. ರುಚಿಯಲ್ಲಿ ಸಣ್ಣ ಕಹಿ ಇರುತ್ತದೆ.

ಗಂಟಲು ಕೆರೆತಕ್ಕೆ, ಕೆಮ್ಮಿಗೆ ಅರ್ಧ ಚಮಚ ಬಾಯಲ್ಲಿಟ್ಟು ನಿಧಾನಕ್ಕೆ ನುಂಗುವುದು ಸರಿಯಾದ ಕ್ರಮ. ನೀರಿಗೆ ಹಾಕಿದರೆ ತೆಳುವಾಗಿ ಗಂಟಲಿಗೆ ಅಂಟುವುದಿಲ್ಲ. ರಾತ್ರಿ ತಿಂದರೆ ಬಾಯಿ ಮುಕ್ಕಳಿಸಿ, ಇದೂ ಸಕ್ಕರೆಯೇ. ಸಕ್ಕರೆ ಕಾಯಿಲೆ ಇದ್ದವರಿಗೆ ಮನುಕಾ ಅಂತ ರಿಯಾಯಿತಿ ಇಲ್ಲ. ಒಂದು ವರ್ಷದೊಳಗಿನ ಕೂಸಿಗೆ ಯಾವ ಜೇನೂ ಬೇಡ, ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆಯ ಭಯವಿದೆ.

ಗಾಯಕ್ಕೆ ಅಡುಗೆಮನೆ ಡಬ್ಬಿಯಿಂದ ಹಚ್ಚುವುದು ತಪ್ಪು. ಆಸ್ಪತ್ರೆಯಲ್ಲಿ ಬಳಸುವುದು ಗಾಮಾ ಕಿರಣದಿಂದ ಶುದ್ಧಮಾಡಿದ ವೈದ್ಯಕೀಯ ಜೇನು. ಸಾಮಾನ್ಯ ಜೇನಿನ ರೋಗಾಣು ಕೊಲ್ಲುವ ಶಕ್ತಿ ಬಹುಪಾಲು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಬರುತ್ತದೆ, ದೇಹದ ಕ್ಯಾಟಲೇಸ್ ಕಿಣ್ವ ಅದನ್ನು ಒಡೆಯುತ್ತದೆ. ಎಂಜಿಒ ಹಾಗೆ ಒಡೆಯುವುದಿಲ್ಲ, ಅದಕ್ಕೇ ವೈದ್ಯರು ಮನುಕಾ ಹುಡುಕುತ್ತಾರೆ. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಮಾತ್ರ ಮನೆಯಲ್ಲಿ ಏನೂ ಪ್ರಯೋಗ ಮಾಡದೆ ನೇರ ವೈದ್ಯರ ಹತ್ತಿರ ಹೋಗಿ.

ನಮ್ಮ ಕಡೆ ಮುಖ್ಯ ಸಮಸ್ಯೆ ಸೆಕೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟಿದಾಗ ಗ್ಯಾಸ್ ಒಲೆ ಪಕ್ಕದ ಡಬ್ಬಿ ಬಣ್ಣ ಗಾಢವಾಗಿ, ಎಚ್‌ಎಂಎಫ್ (ಜೇನು ಕಾದಾಗ ಹುಟ್ಟುವ ರಾಸಾಯನಿಕ) ಏರಿ ಸುಟ್ಟ ಬೆಲ್ಲದ ವಾಸನೆ ಬರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಕಲ್ಲಿನಂತಾಗುತ್ತದೆ. ಶಹಾಬಾದ ಕಲ್ಲಿನ ಕೆಳಗಿನ ಕಪಾಟು ಒಳ್ಳೆಯದು, ಮುಚ್ಚಳ ಬಿಗಿ ಇರಲಿ, ಚಮಚ ಒಣಗಿರಲಿ.

ದಿನಾ ಬೆಳಗಿನ ನಿಂಬೆ ನೀರಿಗೆ ಮನುಕಾ ಹಾಕುವುದು ದುಂದು. ಅಲ್ಲಿಗೆ ಊರಿನ ನಂಬಿಕೆಯ ಜೇನೇ ಸಾಕು. ಮನುಕಾ 250 ಗ್ರಾಂ ಡಬ್ಬಿ, ಯುಎಂಎಫ್ 10+ ತಗೊಳ್ಳಿ, ಆಮದು ಮಾಡಿದವರ ವಿಳಾಸ, ಎಫ್‌ಎಸ್‌ಎಸ್‌ಎಐ ಸಂಖ್ಯೆ ನೋಡಿ. ಆರ್ಡರ್ ನವೆಂಬರ್–ಜನವರಿಯಲ್ಲಿ ಹಾಕಿ. ಮೇ ತಿಂಗಳಲ್ಲಿ ಕೊರಿಯರ್ ವ್ಯಾನಿನೊಳಗೇ ಡಬ್ಬಿ ಬೇಯುತ್ತದೆ.