ಫೋಲ್ಡ್‌ಸ್ಕೋಪ್: ಪ್ರತಿ ವಿದ್ಯಾರ್ಥಿಯ ಕೈಗೂ ಒಂದು ಮೈಕ್ರೋಸ್ಕೋಪ್

ಬಿ.ಎಸ್ಸಿ. ಮಕ್ಕಳಿಗೆ ಮೈಕ್ರೋಬಯಾಲಜಿ ಪಾಠ ಮಾಡುವವರು ಫೋಲ್ಡ್‌ಸ್ಕೋಪ್ ಅನ್ನೋ ಈ ಕಾಗದದ ಮೈಕ್ರೋಸ್ಕೋಪ್ ತಗೊಳ್ಳೋದಾ ಬೇಡ್ವಾ ಅಂತ ಯೋಚಿಸುತ್ತಿದ್ದರೆ, ಖಂಡಿತ ತಗೊಳ್ಳಿ. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡ ಮಾಡಿದ್ದು. ಮಡಚಿ ಜೋಡಿಸಬೇಕು, 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ.

ಮೊದಲು ನಮ್ಮ ಲ್ಯಾಬಿನಲ್ಲಿ ನಾಲ್ಕು ಮೈಕ್ರೋಸ್ಕೋಪ್, ನಲವತ್ತು ಮಕ್ಕಳು. ಸಾಲಲ್ಲಿ ನಿಂತು ಅರ್ಧ ನಿಮಿಷ ಇಣುಕಿ, ಪುಸ್ತಕದ ಚಿತ್ರ ನೋಡಿ ರೆಕಾರ್ಡ್ ಬರೆಯುತ್ತಿದ್ದರು. ಈಗ ಪ್ರತಿಯೊಬ್ಬರ ಕೈಯಲ್ಲೂ ಫೋಲ್ಡ್‌ಸ್ಕೋಪ್ ಇದೆ, ಕೆರೆ ನೀರು ಅವರೇ ತರುತ್ತಾರೆ. ಅದರಲ್ಲಿ ಕಾಣುವ ಜೀವಿಗಳ ಹೆಸರು ನಾನು ಹೇಳುವುದಿಲ್ಲ. ಕಂಡಿದ್ದನ್ನು ಬರೆಯಿರಿ, ಪಕ್ಕದವರ ಜೊತೆ ಚರ್ಚೆ ಮಾಡಿ, ಆಮೇಲೆ ನನಗೆ ಹೇಳಿ ಅಂತೀನಿ. ‘ಮೇಡಂ, ಚಪ್ಪಲಿ ತರ ಇದೆ, ಡಿಕ್ಕಿ ಹೊಡೆದು ಹಿಂದೆ ಬರ್ತಿದೆ’ ಅಂದಳು ಒಬ್ಬಳು. ಅದು ಪ್ಯಾರಮೀಸಿಯಂ ಅನ್ನೋ ಏಕಕೋಶ ಜೀವಿ! ಯಾಕೆ ಹಿಂದೆ ಬಂತು ಅನ್ನೋದರಲ್ಲೇ ಸಿಲಿಯಾ (ಅದು ಈಜಲು ಬಳಸುವ, ಮೈಮೇಲಿನ ಸಣ್ಣ ಕೂದಲಿನಂಥ ಎಳೆಗಳು) ಪಾಠ ಪೂರ್ತಿ ಮುಗಿಯಿತು.

ಇದು ಸುಮ್ನೆ ನನ್ನ ಅನಿಸಿಕೆಯಲ್ಲ. 2014ರಲ್ಲಿ ಅಮೆರಿಕದ ಸಂಶೋಧಕರು ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಹೀಗೆ ತಾವೇ ತೊಡಗಿಕೊಂಡು, ಚರ್ಚೆ ಮಾಡಿ ಕಲಿತವರಿಗಿಂತ ಬರೀ ಉಪನ್ಯಾಸ ಕೇಳಿದವರು ಫೇಲ್ ಆಗುವ ಸಾಧ್ಯತೆ 1.5 ಪಟ್ಟು ಜಾಸ್ತಿ ಇತ್ತು.

ಆದರೆ ಗ್ರಾಂ ಸ್ಟೇನಿಂಗಿಗೆ, ಅಂದರೆ ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ಗುಂಪು ಗುರುತಿಸುವುದಕ್ಕೆ, ಫೋಲ್ಡ್‌ಸ್ಕೋಪ್ ಸಾಲದು. ಬ್ಯಾಕ್ಟೀರಿಯಾದ ಆಕಾರ ಸರಿಯಾಗಿ ಕಾಣಬೇಕಾದರೆ ಎಣ್ಣೆ ಹಾಕಿ ನೋಡುವ ಲೆನ್ಸೇ ಬೇಕು, ಹಳೆಯ ಮೈಕ್ರೋಸ್ಕೋಪ್ ಬಿಸಾಕಬೇಡಿ. ಇನ್ನೊಂದು ವಿಷಯ, ಮಡಚುವಾಗ ಲೆನ್ಸಿಗೆ ಬೆರಳು ತಾಗಿಸಬೇಡಿ ಅಂತ ಮಕ್ಕಳಿಗೆ ಮೊದಲೇ ಹೇಳಿ. ಜಿಡ್ಡು ಅಂಟಿದರೆ ಎಲ್ಲಾ ಮಸುಕು ಮಸುಕು.