ಕುಪ್ಪಳಿಯೋ, ಶ್ರೀರಂಗಪಟ್ಟಣವೋ?

ಎರಡರಲ್ಲಿ ಒಂದು ಆರಿಸುವುದಾದರೆ ಮೊದಲು ತಿಂಗಳು ನೋಡಿ. ಫೆಬ್ರವರಿಯಾದರೆ ಶ್ರೀರಂಗಪಟ್ಟಣ. ಬೆಳಿಗ್ಗೆಯೇ ರಂಗನತಿಟ್ಟಿನಲ್ಲಿ ದೋಣಿ ಹತ್ತಿ. ಬಣ್ಣದ ಕೊಕ್ಕರೆಗಳ ಗೂಡು, ಬಂಡೆ ಮೇಲೆ ಮೈಚಾಚಿದ ಮೊಸಳೆ ಹತ್ತಿರದಿಂದಲೇ ಕಾಣುತ್ತವೆ. ಬಿಸಿಲೇರಿದ ಮೇಲೆ 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಅರಮನೆಯ ತಂಪು ಪಡಸಾಲೆ. ಪಶ್ಚಿಮದ ಗೋಡೆಯಲ್ಲಿ, ಹೈದರ್-ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದ ಚಿತ್ರಕ್ಕೆ ಅರ್ಧ ಗಂಟೆಯಾದರೂ ಕೊಡಿ. ಮಳೆಗಾಲದಲ್ಲಿ ಹೊಳೆ ತುಂಬಿದರೆ ದೋಣಿ ನಿಲ್ಲುತ್ತದೆ.

ಆಗ ತೀರ್ಥಹಳ್ಳಿ ಕಡೆ ಹೊರಡಿ. ಕುಪ್ಪಳಿಯಲ್ಲಿ ಕುವೆಂಪು ಬೆಳೆದ ಕವಿಮನೆ ನೋಡಬೇಕಾದ್ದು ಮಳೆಯಲ್ಲೇ: ತೊಟ್ಟಿ ಅಂಗಳಕ್ಕೆ ಮಾಡಿನ ನೀರು ಸುರಿಯುತ್ತಿರುತ್ತದೆ, ಮರದ ಕಂಬಗಳು ತಣ್ಣಗಿರುತ್ತವೆ, ಮನೆಯ ಹಿಂದೆಯೇ ಕಾಡು. ಕುವೆಂಪು ಸಮಾಧಿಯಿರುವ ಕವಿಶೈಲಕ್ಕೆ ನಡೆದೇ ಹತ್ತಿ. ಉಂಬಳ (ಜಿಗಣೆ) ಹತ್ತುತ್ತವೆ, ಸುಣ್ಣ ಇಟ್ಟುಕೊಳ್ಳಿ. ಸಂಜೆಯ ಸೂರ್ಯಾಸ್ತವೇ ಬೇಕೆಂದರೆ ಮಾತ್ರ ಡಿಸೆಂಬರ್‌ವರೆಗೆ ಕಾಯಿರಿ. ನನ್ನ ಓಟು ಜುಲೈಗೇ.