ಮಾರ್ಕೆಟ್ ಬಸ್ ಹತ್ತಿ ಟಿಪ್ಪುವಿನ ಬೇಸಿಗೆ ಅರಮನೆಗೆ

ಬೆಂಗಳೂರಿನ ಊರೊಳಗೇ ಇರುವ ಅರಮನೆಗೆ ಒಂದು ದಿನವನ್ನೇ ಮೀಸಲಿಡಬೇಕೇ ಎಂದು ಕೇಳುವವರಿಗೆ, ಖಂಡಿತ ಮೀಸಲಿಡಿ, ಕಾರನ್ನು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗಿ ಎಂದು ಹೇಳುತ್ತೇನೆ. ಕಳೆದ ಭಾನುವಾರ ಬೆಳಿಗ್ಗೆ ನಾನು ಮತ್ತು ನನ್ನ ತಾಯಿಯವರು ಬನಶಂಕರಿಯಲ್ಲಿ ಮಾರ್ಕೆಟ್ ಬಸ್ ಹತ್ತಿದೆವು. ತಾಯಿಯವರು ಆಧಾರ್ ಕಾರ್ಡ್ ತೋರಿಸಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಪಡೆದರು. ಬಸ್ಸಿನಲ್ಲಿ ಸೀಟು ಸುಲಭವಾಗಿ ಸಿಕ್ಕಿತು.

ಮಾರ್ಕೆಟ್‌ನಲ್ಲಿ ಇಳಿದವರು ನೇರವಾಗಿ ಅರಮನೆಗೆ ಹೋಗದೆ, ಮೊದಲು ಕೃಷ್ಣರಾಜೇಂದ್ರ ರಸ್ತೆಯಲ್ಲಿರುವ ಕೋಟೆಯ ದೆಹಲಿ ಬಾಗಿಲನ್ನು ನೋಡಬೇಕೆಂಬುದು ನನ್ನ ಸಲಹೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಲು ತೊಡಗಿದನು. ಅದರಲ್ಲಿ ಈಗ ಉಳಿದಿರುವುದು ಅತ್ಯಲ್ಪ. 1791ರ ಮಾರ್ಚ್ 21ರಂದು ಬ್ರಿಟಿಷ್ ಸೇನಾಧಿಪತಿ ಕಾರ್ನ್‌ವಾಲಿಸನ ಸೈನ್ಯ ಗೋಡೆಯನ್ನು ಒಡೆದು ಒಳನುಗ್ಗಿದ ಜಾಗವನ್ನು ಗುರುತಿಸುವ ಫಲಕವೊಂದು ಇಲ್ಲಿದೆ. ಅದನ್ನು ಓದಿಕೊಂಡು ಹೋದರೆ ಅರಮನೆ ಬೇರೆಯದೇ ರೀತಿಯಲ್ಲಿ ಕಾಣುತ್ತದೆ. ಏಕೆಂದರೆ 1781ರಲ್ಲಿ ಹೈದರಾಲಿ ಆರಂಭಿಸಿದ ಆ ಅರಮನೆಯನ್ನು ಟಿಪ್ಪು ಪೂರ್ಣಗೊಳಿಸಿದ್ದೂ ಅದೇ 1791ರಲ್ಲಿ.

ಅಲ್ಲಿಂದ ಅರಮನೆಗೆ ನಡೆದೇ ಹೋಗಬಹುದು. ಪಾದಚಾರಿ ಮಾರ್ಗ ಇಕ್ಕಟ್ಟಾಗಿದೆ, ವಯಸ್ಸಾದವರು ಜೊತೆಯಲ್ಲಿದ್ದರೆ ಕೈ ಹಿಡಿದುಕೊಳ್ಳುವುದು ಒಳ್ಳೆಯದು. ಅರಮನೆಯ ಪ್ರವೇಶ ದರ ತೀರಾ ಕಡಿಮೆ, 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ.

ಮೈಸೂರು ಅರಮನೆಯ ವೈಭವವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಈ ಎರಡು ಅಂತಸ್ತಿನ ಕಟ್ಟಡ ಚಿಕ್ಕದೆನಿಸಬಹುದು. ಇಲ್ಲಿರುವುದು ಮರದ ಸೊಗಸು, ಅದನ್ನು ನಿಂತು ನೋಡಬೇಕು. ತೇಗದ ಕಂಬಗಳು ನೆಲದ ತೇವ ತಾಗದಂತೆ ಕಲ್ಲಿನ ಪೀಠಗಳ ಮೇಲೆ ನಿಂತಿವೆ. ಕಂಬದಿಂದ ಕಂಬಕ್ಕೆ ಹೂವಿನ ಎಸಳುಗಳಂತೆ ಬಾಗಿದ ಕಮಾನುಗಳು ಹಬ್ಬಿವೆ. ತಾಯಿಯವರು ಒಂದು ಪೀಠದ ಬಳಿ ಬಾಗಿ, ಕಲ್ಲು ಮುಗಿದು ಮರ ಮೊದಲಾಗುವ ಕೂಡುಜಾಗವನ್ನು ಬಹಳ ಹೊತ್ತು ನೋಡುತ್ತಿದ್ದರು. ಅವರ ತವರುಮನೆಯ ತೊಟ್ಟಿಯ ಸುತ್ತ ಇದ್ದ ಕಂಬಗಳಿಗೂ ಹೀಗೆಯೇ ಕಲ್ಲಿನ ಪೀಠಗಳಿದ್ದವಂತೆ. ಗೋಡೆಗಳ ಮೇಲಿನ ಹೂಬಳ್ಳಿಯ ಚಿತ್ರಗಳು ಬಹುಪಾಲು ಮಾಸಿಹೋಗಿವೆ. ಅಲ್ಲಲ್ಲಿ ಉಳಿದಿರುವ ಬಣ್ಣವನ್ನು ನೋಡಿದಾಗ, ‘ಸ್ವರ್ಗವೂ ಕರುಬುವಂಥದ್ದು’ ಎಂಬ ಅರ್ಥದ ‘ರಶ್ಕ್-ಎ-ಜನ್ನತ್’ ಎಂಬ ಹೆಸರನ್ನು ಇದಕ್ಕೆ ಏಕೆ ಕೊಟ್ಟರೆಂದು ತಿಳಿಯುತ್ತದೆ. ಟಿಪ್ಪು ದರ್ಬಾರು ನಡೆಸುತ್ತಿದ್ದುದು ಮೇಲಂತಸ್ತಿನ ಮೊಗಸಾಲೆಗಳಲ್ಲಿ.

1799ರಲ್ಲಿ ಟಿಪ್ಪು ಮಡಿದ ನಂತರ ಬ್ರಿಟಿಷರು ಈ ಅರಮನೆಯನ್ನು ಸರ್ಕಾರಿ ಕಚೇರಿಯಾಗಿ ಬಳಸಿದರು. 1868ರಲ್ಲಿ ಆ ಕಚೇರಿಗಳು ಅಠಾರಾ ಕಚೇರಿಗೆ, ಅಂದರೆ ಇಂದಿನ ಹೈಕೋರ್ಟ್ ಕಟ್ಟಡಕ್ಕೆ ಸ್ಥಳಾಂತರಗೊಂಡವು. ಗುಮಾಸ್ತರ ಮೇಜು, ಕಾಗದದ ಕಟ್ಟುಗಳ ನಡುವೆ ಅಷ್ಟು ವರ್ಷ ಕಳೆದೂ ಈ ಮರಗೆಲಸ ಉಳಿದುಬಂದದ್ದು ನಮ್ಮ ಭಾಗ್ಯವೆಂದೇ ಭಾವಿಸುತ್ತೇನೆ. ಕೆಳಗಿನ ಕೋಣೆಗಳಲ್ಲಿ ಸಣ್ಣ ವಸ್ತುಸಂಗ್ರಹಾಲಯವಿದೆ. ಅಲ್ಲಿ ಕನ್ನಡದಲ್ಲಿ ಇನ್ನಷ್ಟು ವಿವರಣೆ ಇದ್ದಿದ್ದರೆ ಶಾಲಾ ಮಕ್ಕಳಿಗೆ ಬಹಳ ಉಪಕಾರವಾಗುತ್ತಿತ್ತು.

ಪಕ್ಕದಲ್ಲೇ ಇರುವ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ ಚಿಕ್ಕದೇವರಾಜ ಒಡೆಯರ ಕಾಲದ್ದು, ಎಂದರೆ ಅರಮನೆಗಿಂತಲೂ ಹಳೆಯದು. ದೇವಸ್ಥಾನ ಮಧ್ಯಾಹ್ನ ಮುಚ್ಚುವುದರಿಂದ ಅಲ್ಲಿಗೆ ಮೊದಲು ಹೋಗಿ, ಅರಮನೆಯನ್ನು ಆಮೇಲೆ ನೋಡಬಹುದು. ನಾವು ಈ ಕ್ರಮವನ್ನು ತಿರುವುಮುರುವು ಮಾಡಿಕೊಂಡೆವು. ಬಾಗಿಲು ಹಾಕಿದ್ದರಿಂದ ತಾಯಿಯವರು ಹೊರಗಿನಿಂದಲೇ ಕೈಮುಗಿದು ಬಸ್ ಸ್ಟ್ಯಾಂಡಿನ ಕಡೆಗೆ ನಡೆದರು. ದರ್ಶನಕ್ಕೆಂದು ಮುಂದಿನ ಶನಿವಾರ ಮತ್ತೆ ಅದೇ ಬಸ್ ಹತ್ತಲಿದ್ದೇವೆ.